ಓದುಗರ ಪ್ರಶ್ನೆ: ತರಬೇತಿ ಕೇಂದ್ರದಿಂದ ಬಂದ ಹುಡುಗರು ಯಾಕೆ ನಿಲ್ಲುವುದಿಲ್ಲ?

ಟ್ರಸ್ಟ್‌ಗಳು, ಸಂಘ-ಸಂಸ್ಥೆಗಳು ನಡೆಸುವ ಉಚಿತ ತರಬೇತಿ ಕೇಂದ್ರಗಳ ಜೊತೆ ಕೈಜೋಡಿಸಿ ಕೆಲಸಗಾರರನ್ನು ತೆಗೆದುಕೊಳ್ಳುವ ಬಗ್ಗೆ ಈ ಅಂಕಣದಲ್ಲಿ ಹಿಂದೆ ಎರಡು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಮಾಲೀಕರದ್ದೂ ಇವೆ, ಅಪ್ಪ-ಅಮ್ಮಂದಿರದ್ದೂ ಇವೆ, ತರಬೇತಿ ಮುಗಿಸಿದ ಹುಡುಗರದ್ದೂ ಇವೆ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಕೆಲಸವೇ ನನ್ನದಾಗಿತ್ತು. ಆಮೇಲೆ ಎಂಟು ವರ್ಷ ಒಂದು ತರಬೇತಿ ಕೇಂದ್ರದಲ್ಲಿ ಕೂತು ಹುಡುಗರಿಗೆ ಕೆಲಸ ಹುಡುಕಿಕೊಟ್ಟಿದ್ದೇನೆ. ಎರಡೂ ಕಡೆ ಕಂಡದ್ದನ್ನೇ ಇಲ್ಲಿ ಹೇಳುತ್ತೇನೆ.

ಪ್ರಶ್ನೆ: ತುಮಕೂರಿನ ಅಂತರಸನಹಳ್ಳಿಯಲ್ಲಿ ನನ್ನದೊಂದು ಮೆಷಿನ್ ಶಾಪ್ ಇದೆ, 22 ಜನ ಕೆಲಸ ಮಾಡುತ್ತಾರೆ. ಹೋದ ವರ್ಷ ಒಂದು ಟ್ರಸ್ಟ್‌ನ ಕೇಂದ್ರದಿಂದ ಆರು ಹುಡುಗರನ್ನು ತೆಗೆದುಕೊಂಡೆ. ಎರಡು ತಿಂಗಳಾಗುವುದರೊಳಗೆ ನಾಲ್ವರು ಹೇಳದೆ ಕೇಳದೆ ಊರಿಗೆ ಹೋದರು. ಕೇಂದ್ರದಲ್ಲಿ ಮೆಷಿನ್ ಕಲಿಸುವುದು ಕಡಿಮೆ, ಮಾತು ನಡತೆ ಅಂತ ಪಾಠ ಜಾಸ್ತಿ. ಈ ವರ್ಷವೂ ಕೇಂದ್ರದವರು ಫೋನ್ ಮಾಡುತ್ತಿದ್ದಾರೆ. ಮತ್ತೆ ತೆಗೆದುಕೊಳ್ಳಬೇಕಾ?

ತೆಗೆದುಕೊಳ್ಳಿ ಸರ್. ಆದರೆ ಹೋದ ವರ್ಷದ ಹಾಗೆ ಬೇಡ.

ನಾಲ್ವರು ಹೋದರು ಅಂತ ಬರೆದಿದ್ದೀರಿ. ಯಾಕೆ ಹೋದರು ಅಂತ ಅವರಿಗೆ ಫೋನ್ ಮಾಡಿ ಕೇಳಿದಿರಾ? ನಾನು ಕಾರ್ಖಾನೆಯಲ್ಲಿದ್ದಾಗ ಕೇಳುತ್ತಿರಲಿಲ್ಲ. "ಈ ಕಾಲದ ಹುಡುಗರಿಗೆ ಬಗ್ಗಿ ಕೆಲಸ ಮಾಡೋಕೆ ಆಗಲ್ಲ" ಅಂತ ಹೇಳಿ ರಿಜಿಸ್ಟರ್‌ನಲ್ಲಿ ಹೆಸರು ಹೊಡೆದು ಹಾಕುತ್ತಿದ್ದೆ. ತರಬೇತಿ ಕೇಂದ್ರಕ್ಕೆ ಬಂದ ಮೇಲೆ ವಾಪಸ್ ಹೋದವರ ಮನೆಗೇ ಹೋಗಿ ಕೂತು ಕೇಳುವ ಕೆಲಸ ಬಂತು. ಆಗ ಗೊತ್ತಾಯಿತು, ಕೆಲಸ ಬಾರದೆ ಬಿಟ್ಟವರು ತೀರಾ ಕಡಿಮೆ.

ಒಬ್ಬ ಹುಡುಗನದು ಹೇಳುತ್ತೇನೆ. ಪಾವಗಡದ ಕಡೆಯವನು. ವರ್ನಿಯರ್ ಹಿಡಿದರೆ ಅಳತೆ ತಪ್ಪುತ್ತಿರಲಿಲ್ಲ, ಡ್ರಾಯಿಂಗ್ ಓದುತ್ತಿದ್ದ. ಒಂದು ಕಾರ್ಖಾನೆ ಅವನನ್ನು ತೆಗೆದುಕೊಂಡಿತು. ಕೆಲಸಕ್ಕೆ ಸೇರಿದ ದಿನ ಅವನ ಹತ್ತಿರ ಇದ್ದದ್ದು ಒಂದು ಬ್ಯಾಗು, ಅಮ್ಮ ಕಟ್ಟಿಕೊಟ್ಟ ರೊಟ್ಟಿ, ಎರಡು ಸಾವಿರ ರೂಪಾಯಿ. ರೂಮಿಗೆ ಅಡ್ವಾನ್ಸ್ ಕೊಡಲು ದುಡ್ಡಿಲ್ಲದೆ ಇನ್ನೂ ನಾಲ್ಕು ಜನರ ಜೊತೆ ಒಂದೇ ಕೋಣೆಯಲ್ಲಿ ಸೇರಿಕೊಂಡ. ಅಲ್ಲಿಬ್ಬರು ರಾತ್ರಿ ಪಾಳಿ, ಮೂವರು ಹಗಲು ಪಾಳಿ, ಯಾರಿಗೂ ಸರಿಯಾಗಿ ನಿದ್ದೆಯಿಲ್ಲ. ತಿಂಗಳಾಯಿತು, ಸಂಬಳ ಬರಲಿಲ್ಲ. ಆಧಾರ್‌ನಲ್ಲಿ ಅವನ ಹೆಸರಿನ ಮುಂದೆ ಅಪ್ಪನ ಹೆಸರಿತ್ತು, ಪಾಸ್‌ಬುಕ್‌ನಲ್ಲಿ ಇರಲಿಲ್ಲ. ಅಷ್ಟಕ್ಕೇ ಫೈಲ್ ನಿಂತಿತ್ತು. ಆಫೀಸಿಗೆ ಹೋಗಿ ಕೇಳಲು ಹೆದರಿಕೆ. ಸೂಪರ್‌ವೈಸರ್ "ಬರುತ್ತೆ ಬಿಡೋ" ಅಂದರು. 19ನೇ ತಾರೀಖಿನವರೆಗೆ ಕಾದ. ಆಮೇಲೆ ಕೋಣೆಯವರಿಂದ ಬಸ್‌ಚಾರ್ಜ್ ಇಸಿದುಕೊಂಡು ಊರಿಗೆ ಹೋದ. ಕಾರ್ಖಾನೆಯ ರಿಜಿಸ್ಟರ್‌ನಲ್ಲಿ ಅವನ ಹೆಸರಿನ ಮುಂದೆ "ಆಸಕ್ತಿ ಇಲ್ಲ" ಅಂತ ಬರೆದಿದ್ದರು. ಅದನ್ನು ನಾನೇ ನೋಡಿದೆ. ಈಗಲೂ ನೆನಪಾದರೆ ಹೊಟ್ಟೆ ಉರಿಯುತ್ತದೆ.

ನಿಮ್ಮ ನಾಲ್ವರದೂ ಹೀಗೇ ಆಗಿರುತ್ತದೆ ಅಂತ ನಾನು ಹೇಳುತ್ತಿಲ್ಲ, ಆದರೆ ಮೊದಲ ಮೂರು ತಿಂಗಳು ಅವರು ಎಲ್ಲಿ ಮಲಗಿದರು, ಏನು ತಿಂದರು, ಸಂಬಳ ಯಾವ ತಾರೀಖಿಗೆ ಕೈ ಸೇರಿತು ಅನ್ನುವುದು ನಿಮಗೆ ಗೊತ್ತಿಲ್ಲದಿದ್ದರೆ ತಪ್ಪು ಹುಡುಗರದ್ದು ಅಂತ ತೀರ್ಮಾನ ಮಾಡಬೇಡಿ. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೊಡಬೇಕು ಅಂತ ಕಾನೂನೇ ಇದೆ. ಹಳೇ ಕೆಲಸಗಾರ ಹತ್ತು ದಿನ ತಡವಾದರೂ ಕೈಸಾಲ ಮಾಡಿ ತಡೆದುಕೊಳ್ಳುತ್ತಾನೆ, ಅವನಿಗೆ ಅಂಗಡಿಯಲ್ಲಿ ಲೆಕ್ಕ ಇರುತ್ತದೆ. ಹೊಸ ಹುಡುಗನಿಗೆ ಯಾರು ಕೊಡುತ್ತಾರೆ ಹೇಳಿ?

ಈ ಸಲ ಹೀಗೆ ಮಾಡಿ ನೋಡಿ. ಬ್ಯಾಚ್ ಶುರುವಾಗುವ ಮೊದಲೇ ಒಂದು ದಿನ ಕೇಂದ್ರಕ್ಕೆ ಹೋಗಿ. ಪರೀಕ್ಷೆ ಎಲ್ಲಾ ಮುಗಿದ ಮೇಲೆ ಬಂದು ಸಾಲಾಗಿ ನಿಲ್ಲಿಸಿ ಆರಿಸುವುದಲ್ಲ, ಮೊದಲೇ ಹೋಗುವುದು. ನಿಮ್ಮ ಶಾಪ್‌ನಲ್ಲಿ ಮಾಡುವ ಎರಡು ಪೀಸು, ಅದರ ಡ್ರಾಯಿಂಗ್, ರಿಜೆಕ್ಟ್ ಆದ ಒಂದಷ್ಟು ಪೀಸು ತೆಗೆದುಕೊಂಡು ಹೋಗಿ ಮೇಷ್ಟ್ರ ಕೈಗೆ ಕೊಡಿ. ರಿಜೆಕ್ಟ್ ಪೀಸು ಕೈಯಲ್ಲಿ ಹಿಡಿದು ಎಲ್ಲಿ ತಪ್ಪಾಗಿದೆ ಅಂತ ಹುಡುಕುವುದಕ್ಕಿಂತ ಒಳ್ಳೆ ಪಾಠ ಇಲ್ಲ. ತರಬೇತಿ ನಡುವೆ ಒಂದು ದಿನ ಹುಡುಗರನ್ನು ನಿಮ್ಮ ಶಾಪ್‌ಗೆ ಕರೆಸಿ, ಊಟ ಹಾಕಿ, ಎಂಟು ಗಂಟೆ ನಿಂತು ಮಾಡುವ ಕೆಲಸ ಹೇಗಿರುತ್ತದೆ ಅಂತ ತೋರಿಸಿ. ಅವತ್ತೇ ಇಬ್ಬರು "ನಮಗಾಗಲ್ಲ ಸರ್" ಅಂದರೆ ಅದು ಲಾಭ. ಎರಡು ತಿಂಗಳಾದ ಮೇಲೆ ಹೇಳುವುದನ್ನು ಮೊದಲೇ ಹೇಳಿದರು, ಅಲ್ವಾ?

ಸೇರಿದ ಮೇಲೆ ನಿಮ್ಮ ಹಳೇ ಕೆಲಸಗಾರರಲ್ಲಿ ತಾಳ್ಮೆ ಇರುವ ಒಬ್ಬರಿಗೆ ಇವರ ಜವಾಬ್ದಾರಿ ಕೊಡಿ, ಅದಕ್ಕೆ ತಿಂಗಳಿಗೆ ಸ್ವಲ್ಪ ಹೆಚ್ಚಿಗೆ ದುಡ್ಡೂ ಕೊಡಿ. ಸುಮ್ನೆ "ನೋಡ್ಕೊಳಪ್ಪಾ" ಅಂದರೆ ಯಾರೂ ನೋಡಿಕೊಳ್ಳುವುದಿಲ್ಲ. ಮೊದಲ ತಿಂಗಳು 15 ದಿನಕ್ಕೊಮ್ಮೆ ಸಂಬಳ ಕೊಡಿ. ಕೇಂದ್ರದವರು ಮೂರು ತಿಂಗಳು ವಾರಕ್ಕೊಮ್ಮೆ ಹುಡುಗರ ಜೊತೆ ಮಾತಾಡಬೇಕು, ತೊಂದರೆ ಇದ್ದರೆ ನಿಮಗೆ ಹೇಳಬೇಕು ಅಂತ ಕಾಗದದ ಮೇಲೆ ಬರೆಸಿಕೊಳ್ಳಿ. ಅವರನ್ನು ಲೇಬರ್ ಸಪ್ಲೈ ಮಾಡುವವರು ಅಂದುಕೊಂಡರೆ ಅವರೂ ಹಾಗೇ ನಡೆದುಕೊಳ್ಳುತ್ತಾರೆ.

ಮಾತು, ನಡತೆಯ ಪಾಠ ದಂಡ ಅಂದಿರಿ. ಅಲ್ಲ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೊಲಿಯುವ ಹೆಣ್ಣುಮಕ್ಕಳಿಗೆ ಸಮಯ ಹೊಂದಿಸಿಕೊಳ್ಳುವುದು, ಧೈರ್ಯವಾಗಿ ಮಾತಾಡುವುದು, ಸಮಸ್ಯೆ ಬಂದಾಗ ಬಿಡಿಸಿಕೊಳ್ಳುವುದು ಇಂಥದ್ದನ್ನೇ ಕಲಿಸಿ ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿದ್ದಾರೆ. ಕಲಿತವರ ಉತ್ಪಾದನೆ ಹೆಚ್ಚಾಯಿತು, ಕಂಪನಿ ಹಾಕಿದ ದುಡ್ಡಿಗಿಂತ ಎಷ್ಟೋ ಹೆಚ್ಚು ವಾಪಸ್ ಬಂತು. ಸಂಬಳ ಮಾತ್ರ ಅಷ್ಟು ಏರಲಿಲ್ಲ, ಅದು ನನಗೆ ಬೇಸರದ ವಿಷಯ. ಅಂದಹಾಗೆ, ಪಾವಗಡದ ಆ ಹುಡುಗನಿಗೆ ಆಫೀಸಿನ ಬಾಗಿಲು ತಟ್ಟಿ "ನನ್ನ ಸಂಬಳ ಯಾಕೆ ಬಂದಿಲ್ಲ" ಅಂತ ಕೇಳುವುದನ್ನು ನಾವು ಕಲಿಸಿರಲಿಲ್ಲ. ಕಲಿಸಿದ್ದರೆ ಅವನು ಉಳಿಯುತ್ತಿದ್ದನೇನೋ.

ಪ್ರಶ್ನೆ: ನಾವು ಕುಷ್ಟಗಿ ತಾಲ್ಲೂಕಿನವರು. ಮಗಳು ಪಿಯುಸಿ ಮುಗಿಸಿದ್ದಾಳೆ. ಒಂದು ಸಂಸ್ಥೆಯವರು ಊರಿಗೆ ಬಂದು ಮೂರು ತಿಂಗಳು ಹೊಲಿಗೆ ತರಬೇತಿ ಕೊಟ್ಟು ಬೆಂಗಳೂರಿನಲ್ಲಿ ಕೆಲಸ ಕೊಡಿಸುತ್ತೇವೆ, ಎಲ್ಲಾ ಉಚಿತ ಅಂದರು. ಅವಳಿಗೆ ಹೋಗುವ ಆಸೆ. ನನಗೆ ಭಯ. ಕಳಿಸಲಾ?

ನಿಮ್ಮ ಭಯ ನ್ಯಾಯವಾದದ್ದೇ ಅಕ್ಕಾ. ಆದರೆ ಭಯಕ್ಕೆ ಮನೆಯಲ್ಲೇ ಕೂರಿಸಬೇಡಿ. ಕೇಳಬೇಕಾದ್ದನ್ನೆಲ್ಲಾ ಕೇಳಿ, ಆಮೇಲೆ ಕಳಿಸಿ.

ಹಳ್ಳಿಯ ಬಡ ಮನೆಗಳ ಮಕ್ಕಳಿಗೆ ತರಬೇತಿ ಕೊಟ್ಟು ಕೆಲಸ ಕೊಡಿಸಲು ಕೇಂದ್ರ ಸರ್ಕಾರ 2014ರ ಸೆಪ್ಟೆಂಬರ್‌ನಲ್ಲಿ ದೀನ್ ದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ ಅಂತ ಶುರು ಮಾಡಿತು. 15ರಿಂದ 35 ವರ್ಷದವರಿಗೆ. ಸರ್ಕಾರ ಹಣ ಕೊಡುತ್ತದೆ, ಸಂಸ್ಥೆಗಳು ತರಬೇತಿ ನಡೆಸುತ್ತವೆ. ಬಂದವರು ಈ ಯೋಜನೆಯವರಾ, ಬೇರೆ ಟ್ರಸ್ಟಿನವರಾ ಅಂತ ಮೊದಲು ಕೇಳಿ. ಈ ಯೋಜನೆಯದೇ ಅಂದರೆ ಗ್ರಾಮ ಪಂಚಾಯಿತಿಯಲ್ಲಿ ಅಥವಾ ನಿಮ್ಮ ಸ್ತ್ರೀಶಕ್ತಿ ಗುಂಪಿನ ಮೇಲಿನ ಒಕ್ಕೂಟದಲ್ಲಿ ವಿಚಾರಿಸಿ ಖಚಿತ ಮಾಡಿಕೊಳ್ಳಬಹುದು.

ಉಚಿತ ಅಂದಮೇಲೆ ಒಂದು ರೂಪಾಯಿಯೂ ಕೇಳಬಾರದು. "ರಿಜಿಸ್ಟ್ರೇಷನ್", "ಯೂನಿಫಾರ್ಮ್ ಡೆಪಾಸಿಟ್" ಅಂತ ಶುರುವಾದರೆ ಅಲ್ಲಿಗೇ ನಿಲ್ಲಿಸಿ. ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ: ಅಂಕಪಟ್ಟಿಯ ಮೂಲ ಪ್ರತಿ ಯಾರಿಗೂ ಕೊಡಬೇಡಿ. ಜೆರಾಕ್ಸ್ ಕೊಡಿ, ಮೂಲ ಪ್ರತಿ ತೋರಿಸಿ, ವಾಪಸ್ ತನ್ನಿ. ಅಂಕಪಟ್ಟಿ ಇಟ್ಟುಕೊಂಡು ಕೆಲಸ ಬಿಡದ ಹಾಗೆ ಮಾಡುವವರನ್ನು ನಾನು ನೋಡಿದ್ದೇನೆ.

ಹೋದ ಬ್ಯಾಚಿನ ಇಬ್ಬರು ಹುಡುಗಿಯರ ನಂಬರ್ ಕೇಳಿ ಇಸಿದುಕೊಳ್ಳಿ. ಸಂಸ್ಥೆಯವರು ಖುಷಿಯಿಂದ ಕೊಟ್ಟರೆ ಅರ್ಧ ನೆಮ್ಮದಿ. ಆ ಹುಡುಗಿಯರ ಹತ್ತಿರ ಮಗಳೇ ಮಾತಾಡಲಿ, ನೀವು ಪಕ್ಕದಲ್ಲಿರಿ. ಸಂಬಳ ಎಷ್ಟು ಅಂತ ಕೇಳಬೇಡಿ, ಕೈಗೆ ಎಷ್ಟು ಬರುತ್ತದೆ ಅಂತ ಕೇಳಿ. ಹಾಸ್ಟೆಲ್‌ಗೆ ಎಷ್ಟು ಹಿಡಿಯುತ್ತಾರೆ, ಒಂದು ಕೋಣೆಯಲ್ಲಿ ಎಷ್ಟು ಜನ, ನೀರು ಬರುತ್ತದಾ, ಭಾನುವಾರ ಹೊರಗೆ ಬಿಡುತ್ತಾರಾ, ಮೊಬೈಲ್ ಹತ್ತಿರ ಇಟ್ಟುಕೊಳ್ಳಬಹುದಾ, ಮುಟ್ಟಿನ ದಿನ ರಜೆ ಕೇಳಿದರೆ ಸೂಪರ್‌ವೈಸರ್ ಹೇಗೆ ಮಾತಾಡುತ್ತಾರೆ, ಇವೆಲ್ಲಾ ಕೇಳಲಿ. ನಾಚಿಕೆ ಬೇಡ.

ಕೆಲಸಕ್ಕೆ ಸೇರುವಾಗ ನೇಮಕಾತಿ ಪತ್ರ ಕೊಡಲೇಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಅದು ಕಡ್ಡಾಯ. ಪಿಎಫ್ ಮತ್ತು ಇಎಸ್‌ಐ (ಕೆಲಸಗಾರರ ಆರೋಗ್ಯ ವಿಮೆ) ನಂಬರ್ ಬರೆದುಕೊಳ್ಳಿ. ಇಎಸ್‌ಐಗೆ ಸಂಬಳದಲ್ಲಿ ನೂರಕ್ಕೆ 75 ಪೈಸೆ ಅವಳದು ಹೋಗುತ್ತದೆ, ಕಂಪನಿ ನೂರಕ್ಕೆ 3 ರೂಪಾಯಿ 25 ಪೈಸೆ ಹಾಕುತ್ತದೆ. ಜ್ವರ ಬಂದರೆ, ಕೈಗೆ ಸೂಜಿ ಚುಚ್ಚಿದರೆ ಆಸ್ಪತ್ರೆಗೆ ದುಡ್ಡು ಕೊಡಬೇಕಿಲ್ಲ. ಈ ಕಡಿತ ಬೇಡ ಅಂತ ಕೆಲವು ಮಕ್ಕಳು ಹಟ ಮಾಡುತ್ತಾರೆ, ಬುದ್ಧಿ ಹೇಳಿ.

ಈ ಯೋಜನೆಯ ಮೂಲ ನಿಯಮಗಳಲ್ಲಿ ನನಗೆ ಇಷ್ಟವಾದದ್ದು ಒಂದಿದೆ. ಕೆಲಸಕ್ಕೆ ಸೇರಿದ ಮೇಲೂ ಹೊಸ ಊರಿನ ಖರ್ಚಿಗೆ ಅಂತ ತಿಂಗಳಿಗೆ ಸಾವಿರ ರೂಪಾಯಿ ಕೊಡಬೇಕು. ತನ್ನ ಜಿಲ್ಲೆಯಲ್ಲೇ ಕೆಲಸವಾದರೆ ಎರಡು ತಿಂಗಳು, ರಾಜ್ಯದೊಳಗಾದರೆ ಮೂರು ತಿಂಗಳು, ಹೊರರಾಜ್ಯವಾದರೆ ಆರು ತಿಂಗಳು. ಈಗಲೂ ಇದೆಯಾ ಅಂತ ಕೇಳಿ, ಇದ್ದರೆ ಪಡೆಯಿರಿ. ಈಗ ಶಕ್ತಿ ಯೋಜನೆಯಿಂದ ನಮ್ಮ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಹೋಗಿ ಒಂದು ತಿಂಗಳಾದ ಮೇಲೆ ನೀವೇ ಬೆಂಗಳೂರಿಗೆ ಹೋಗಿ ಅವಳ ಹಾಸ್ಟೆಲ್‌ನಲ್ಲಿ ಒಂದು ಹೊತ್ತು ಊಟ ಮಾಡಿ ಬನ್ನಿ. ಅಮ್ಮ ಬಂದು ಹೋದರು ಅಂದರೆ ವಾರ್ಡನ್‌ಗೂ ಗೊತ್ತಿರುತ್ತದೆ, ಈ ಹುಡುಗಿಗೆ ಕೇಳುವವರಿದ್ದಾರೆ ಅಂತ.

ಪ್ರಶ್ನೆ: ಮೈಸೂರಿನಲ್ಲಿ ನಮ್ಮದು ದರ್ಶಿನಿ. ಕೆಲಸಕ್ಕೆ ಜನ ಸಿಗುವುದೇ ಕಷ್ಟ. ಕಿವಿ ಕೇಳಿಸದ ಹುಡುಗರಿಗೆ ತರಬೇತಿ ಕೊಡುವ ಸಂಸ್ಥೆಯೊಂದು ಇಬ್ಬರನ್ನು ಕಳಿಸುತ್ತೇವೆ ಅನ್ನುತ್ತಿದೆ. ಮನಸ್ಸಿದೆ, ಆದರೆ ನಮ್ಮ ಅಡುಗೆಮನೆ ನಡೆಯುವುದೇ ಕೂಗಿನ ಮೇಲೆ. ಆಗುತ್ತದಾ?

ಆಗುತ್ತದೆ. "ಎರಡು ಮಸಾಲೆ, ಒಂದು ಸೆಟ್ಟು, ಬೇಗ!" ಅಂತ ಕೂಗುವ ಕಡೆ ಕಿವಿ ಕೇಳಿಸದವರು ಹೇಗೆ ಅಂತ ನಿಮಗೆ ಅನ್ನಿಸಿದ್ದು ಸಹಜ. ನಾವು ಇಂಥದ್ದೇ ಒಂದು ಹೋಟೆಲ್‌ಗೆ ಇಬ್ಬರನ್ನು ಕಳಿಸಿದ್ದೆವು. ಮೊದಲ ವಾರ ಎಲ್ಲಾ ಗೋಜಲು. ಆಮೇಲೆ ಮಾಲೀಕರೇ ಯೋಚನೆ ಮಾಡಿ ದೋಸೆ ಕಲ್ಲಿನ ಮೇಲ್ಗಡೆ ಒಂದು ತಂತಿ ಕಟ್ಟಿಸಿದರು. ಟೋಕನ್ ಚೀಟಿಗಳನ್ನು ಬಟ್ಟೆ ಕ್ಲಿಪ್ ಹಾಕಿ ಆ ತಂತಿಗೆ ಸಾಲಾಗಿ ಸಿಕ್ಕಿಸುವುದು, ದೋಸೆ ಹೋದ ಹಾಗೆ ಎಡಗಡೆಯಿಂದ ಕಿತ್ತು ಹಾಕುವುದು. ಕೌಂಟರ್‌ನಿಂದ ಕರೆಯಲು ಒಂದು ಕೆಂಪು ಬಲ್ಬು. ಕುಕ್ಕರ್ ಸೀಟಿ ಎಣಿಸಲು ಆಗುವುದಿಲ್ಲವಲ್ಲ, ಅದಕ್ಕೆ ಅಡುಗೆಯವರು ಮೊಬೈಲ್‌ನಲ್ಲಿ ನಿಮಿಷ ಇಟ್ಟು ಜೇಬಿನಲ್ಲಿ ಅದು ನಡುಗುವ ಹಾಗೆ ಮಾಡಿಕೊಟ್ಟರು. ಇಷ್ಟಕ್ಕೆ ಎಲ್ಲಾ ಸೇರಿ ಸಾವಿರ ರೂಪಾಯಿಯೂ ಖರ್ಚಾಗಲಿಲ್ಲ. ಕೂಗಾಟ ನಿಂತಿತು, ಆರ್ಡರ್ ಅದಲುಬದಲಾಗುವುದೂ ಕಡಿಮೆಯಾಯಿತು. ಕಿವಿ ಕೇಳಿಸುವ ಹುಡುಗರಿಗೂ ತಂತಿಯೇ ಅನುಕೂಲವಾಯಿತು.

ಒಂದು ಎಚ್ಚರಿಕೆ ಮಾತ್ರ. ಬಿಸಿ ಎಣ್ಣೆ, ಸಾಂಬಾರಿನ ಪಾತ್ರೆ ಹಿಡಿದು ಹಿಂದಿನಿಂದ ಬರುವವರು "ಸೈಡು ಸೈಡು" ಅಂತ ಕೂಗಿದರೆ ಇವರಿಗೆ ಕೇಳಿಸುವುದಿಲ್ಲ. ಓಡಾಡುವ ದಾರಿ ನೆಲದ ಮೇಲೆ ಬಣ್ಣ ಬಳಿದು ಗುರುತು ಮಾಡಿ, ಹೋಗುವುದಕ್ಕೊಂದು ಬರುವುದಕ್ಕೊಂದು. ಹಿಂದಿನಿಂದ ಕರೆಯಬೇಕಾದರೆ ಭುಜ ಮುಟ್ಟಬೇಕು ಅಂತ ಎಲ್ಲರಿಗೂ ಹೇಳಿ.

ಇದನ್ನು ದೊಡ್ಡ ಮಟ್ಟದಲ್ಲಿ ಮಾಡಿದವರು ನಮ್ಮಲ್ಲೇ ಇದ್ದಾರೆ. ಅಂಗವಿಕಲರೇ ನಡೆಸುವ ಮಿಟ್ಟಿ ಕೆಫೆ ಶುರುವಾದದ್ದು 2017ರಲ್ಲಿ, ನಮ್ಮ ಹುಬ್ಬಳ್ಳಿಯಲ್ಲಿ, ಬಿವಿಬಿ ಕಾಲೇಜಿನ ಆವರಣದಲ್ಲಿ. 2023ರಲ್ಲಿ ದೆಹಲಿಯ ಸುಪ್ರೀಂ ಕೋರ್ಟ್ ಆವರಣದಲ್ಲೂ ಅವರ ಕೆಫೆ ತೆರೆಯಿತು. ಲೆಮನ್ ಟ್ರೀ ಹೋಟೆಲ್‌ನವರು 2007ರಿಂದಲೂ ಕಿವಿ ಕೇಳಿಸದವರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಾ ಬಂದಿದ್ದಾರೆ. ಬೆಂಗಳೂರಿನಲ್ಲಿ 1959ರಿಂದ ಇರುವ ಎಪಿಡಿ, 1997ರಲ್ಲಿ ಶುರುವಾದ ಸಮರ್ಥನಂ, 1999ರ ಎನೇಬಲ್ ಇಂಡಿಯಾ, ಇವೆಲ್ಲಾ ಅಂಗವಿಕಲರಿಗೆ ತರಬೇತಿ ಕೊಟ್ಟು ಕೆಲಸದವರೆಗೆ ತಲುಪಿಸುವ ಸಂಸ್ಥೆಗಳು.

ನಿಮ್ಮ ಹತ್ತಿರ ಬಂದಿರುವ ಸಂಸ್ಥೆಯವರನ್ನು ಎರಡು ಕೇಳಿಕೊಳ್ಳಿ. ಮೊದಲ ವಾರ ಅವರ ಸನ್ನೆ ಭಾಷೆಯ ಮೇಷ್ಟ್ರು ನಿಮ್ಮ ಅಡುಗೆಮನೆಯಲ್ಲೇ ಇರಬೇಕು. ಇನ್ನೊಂದು, ನಿಮ್ಮ ಹಳೇ ಹುಡುಗರಿಗೆ ಒಂದು ಮೂವತ್ತು ಸನ್ನೆ ಕಲಿಸಿಕೊಡಬೇಕು: ಉಪ್ಪು, ಬಿಸಿ, ಹುಷಾರು, ಸಾಕು, ಊಟ ಆಯ್ತಾ. ಕೊನೆಯದು ಮರೆಯಬೇಡಿ. ಕೆಲಸದ ಮಾತು ಮಾತ್ರ ಆಡಿ ಉಳಿದ ಹೊತ್ತು ಯಾರೂ ಅವರ ಕಡೆ ನೋಡದಿದ್ದರೆ ಆ ಹುಡುಗರಿಗೆ ಜನರ ನಡುವೆಯೂ ಒಂಟಿ ಅನ್ನಿಸುತ್ತದೆ, ಬಿಟ್ಟು ಹೋಗುತ್ತಾರೆ. ಸಂಬಳ ಉಳಿದವರಿಗೆ ಕೊಡುವಷ್ಟೇ ಕೊಡಿ. ಕಡಿಮೆ ಕೊಟ್ಟು ಅದನ್ನು ಸಹಾಯ ಅಂತ ಕರೆಯಬೇಡಿ ದಯವಿಟ್ಟು.

ಪ್ರಶ್ನೆ: ತರಬೇತಿ ಪಡೆದವರನ್ನು ತೆಗೆದುಕೊಂಡರೆ ಸರ್ಕಾರದಿಂದ ಏನಾದರೂ ಸಿಗುತ್ತದಾ? ಸಿಎಸ್‌ಆರ್ (ದೊಡ್ಡ ಕಂಪನಿಗಳು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕಾದ) ಹಣದಲ್ಲಿ ತರಬೇತಿ ಕೊಡಿಸಬಹುದು ಅಂತ ಗೆಳೆಯರು ಹೇಳುತ್ತಾರೆ. (ಹರಿಹರದ ಒಬ್ಬ ಉದ್ಯಮಿ)

ಸಿಗುವುದರಲ್ಲಿ ಎರಡನ್ನು ಹೇಳುತ್ತೇನೆ. ಅಪ್ರೆಂಟಿಸ್, ಅಂದರೆ ಕೆಲಸ ಮಾಡುತ್ತಾ ಕಲಿಯುವವರು ಅಂತ ತೆಗೆದುಕೊಂಡರೆ ಅವರಿಗೆ ಕೊಡುವ ಸ್ಟೈಪೆಂಡ್‌ನಲ್ಲಿ ಶೇ 25, ಹೆಚ್ಚೆಂದರೆ ತಿಂಗಳಿಗೆ 1,500 ರೂಪಾಯಿ, ಕೇಂದ್ರ ಸರ್ಕಾರದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಯೋಜನೆಯಿಂದ ಬರುತ್ತದೆ. ಈಗ ನೇರವಾಗಿ ಹುಡುಗರ ಖಾತೆಗೇ ಹಾಕುತ್ತಾರೆ. 30 ಅಥವಾ ಜಾಸ್ತಿ ಜನ ಇರುವ ಕಡೆ ಒಟ್ಟು ಸಂಖ್ಯೆಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ, ಇದು ಬಹಳ ಮಾಲೀಕರಿಗೆ ಗೊತ್ತೇ ಇಲ್ಲ. ನಾಲ್ಕರಿಂದ 29 ಜನ ಇರುವವರು ಬೇಕಾದರೆ ತೆಗೆದುಕೊಳ್ಳಬಹುದು. ಎರಡನೆಯದು ಆದಾಯ ತೆರಿಗೆಯದು. ಲೆಕ್ಕ ಆಡಿಟ್ ಆಗುವ ವ್ಯವಹಾರವಾದರೆ, ತಿಂಗಳಿಗೆ 25,000 ರೂಪಾಯಿವರೆಗೆ ಸಂಬಳದ ಹೊಸಬರನ್ನು ಪಿಎಫ್ ಸಮೇತ ತೆಗೆದುಕೊಂಡಿದ್ದರೆ, ಹೆಚ್ಚುವರಿ ಸಂಬಳದ ಖರ್ಚಿನ ಶೇ 30ರಷ್ಟು ಮೂರು ವರ್ಷ ತೆರಿಗೆ ಲೆಕ್ಕದ ಆದಾಯದಿಂದ ಕಳೆಯಲು ಅವಕಾಶವಿದೆ. ಷರತ್ತುಗಳಿವೆ, ನಿಮ್ಮ ಆಡಿಟರ್ ಹತ್ತಿರ ಕೂತು ಮಾತಾಡಿ.

ಸಿಎಸ್‌ಆರ್ ವಿಷಯದಲ್ಲಿ ನಿಮ್ಮ ಗೆಳೆಯರು ಅರ್ಧ ಸರಿ. ಬಡ ಮಕ್ಕಳಿಗೆ ಕೌಶಲ್ಯ ತರಬೇತಿ ಕೊಡಿಸುವುದಕ್ಕೆ ಆ ಹಣ ಬಳಸಬಹುದು. ಆದರೆ ನಿಮ್ಮದೇ ನೌಕರರಿಗಾಗಿ ಮಾಡಿದ ಖರ್ಚು ಸಿಎಸ್‌ಆರ್ ಆಗುವುದಿಲ್ಲ. ಅಲ್ಲದೆ ಆ ಕಾನೂನು ಅನ್ವಯಿಸುವುದು ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ದಾಟಿದ ಕಂಪನಿಗಳಿಗೆ.

ಒಂದು ಮಾತು ಸೇರಿಸುತ್ತೇನೆ. 1,500 ರೂಪಾಯಿ ಉಳಿಯುತ್ತದೆ ಅಂತಲೇ ಅಪ್ರೆಂಟಿಸ್‌ಗಳನ್ನು ತೆಗೆದುಕೊಂಡು, ಅವಧಿ ಮುಗಿದ ಕೂಡಲೇ ಕಳಿಸಿ, ಮತ್ತೆ ಹೊಸಬರನ್ನು ತಂದು, ಹೀಗೇ ವರ್ಷಗಟ್ಟಲೆ ನಡೆಸುವವರಿದ್ದಾರೆ. ನೀವು ಹಾಗೆ ಮಾಡಬೇಡಿ. ಕಲಿತ ಹುಡುಗನನ್ನು ಕಳಿಸಿ ಕಲಿಯದವನನ್ನು ತರುವುದು ವ್ಯಾಪಾರಕ್ಕೂ ನಷ್ಟ, ಆ ಹುಡುಗನ ವಯಸ್ಸಿನ ಒಂದು ವರ್ಷವೂ ಹಾಳು.

ಪ್ರಶ್ನೆ: ಸಿಂಧನೂರಿನಲ್ಲಿ ನಮ್ಮ ಸಣ್ಣ ಟ್ರಸ್ಟ್ ಕಂಪ್ಯೂಟರ್ ಮತ್ತು ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಕಲಿಸುತ್ತದೆ. ಬೆಂಗಳೂರಿನ ಕಂಪನಿಗಳಿಗೆ ಫೋನ್ ಮಾಡಿ ಮಾಡಿ ಸಾಕಾಯಿತು, ಯಾರೂ ಎತ್ತುವುದಿಲ್ಲ. ಕಲಿತ ಮಕ್ಕಳು ಮನೆಯಲ್ಲಿದ್ದಾರೆ. ಏನು ಮಾಡೋಣ?

ಬೆಂಗಳೂರಿಗೆ ಫೋನ್ ಮಾಡುವುದನ್ನು ನಿಲ್ಲಿಸಿ, ಒಂದು ವಾರ ನಿಮ್ಮ ಊರಲ್ಲೇ ಓಡಾಡಿ.

ಸಿಂಧನೂರು ಅಂದರೆ ಭತ್ತ. ಎಡದಂಡೆ ಕಾಲುವೆ ನೀರು, ಸಾಲುಸಾಲು ರೈಸ್ ಮಿಲ್, ಗೊಬ್ಬರದ ಅಂಗಡಿ, ದಲಾಲಿ ಅಂಗಡಿ, ಟ್ರ್ಯಾಕ್ಟರ್ ಷೋರೂಂ. ಇವರಿಗೆಲ್ಲಾ ಲೆಕ್ಕ ಬರೆಯುವವರು ಬೇಕು. ಆದರೆ ನೀವು ಪುಸ್ತಕದಲ್ಲಿರುವ ಟ್ಯಾಲಿ ಕಲಿಸುತ್ತಿದ್ದೀರಿ. ಮಿಲ್ ಮಾಲೀಕರಿಗೆ ಬೇಕಾದದ್ದು ಬೇರೆ: ತೂಕದ ಚೀಟಿ ನೋಡಿ ಭತ್ತದ ಖರೀದಿ ಹಾಕುವುದು, ತೇವಾಂಶಕ್ಕೆ ಎಷ್ಟು ಕಳೆಯಬೇಕು ಅನ್ನುವುದು, ಹಮಾಲಿ ಲೆಕ್ಕ, ಗೋಣಿಚೀಲದ ಲೆಕ್ಕ, ಲಾರಿ ಬಾಡಿಗೆ, ತೌಡು ಮಾರಿದ್ದು, ಇ-ವೇ ಬಿಲ್ ತೆಗೆಯುವುದು. ಐದು ಮಿಲ್‌ಗಳಿಗೆ ಹೋಗಿ ಹಳೇ ಗುಮಾಸ್ತರ ಪಕ್ಕ ಒಂದೊಂದು ದಿನ ಕೂತು ಬರೆದುಕೊಂಡು ಬನ್ನಿ. ಅದೇ ನಿಮ್ಮ ಪಾಠಪಟ್ಟಿ. ಆ ಗುಮಾಸ್ತರನ್ನೇ ತಿಂಗಳಿಗೆ ಎರಡು ಸಲ ಮಕ್ಕಳ ಮುಂದೆ ಕರೆದು ಕೂರಿಸಿ, ಗೌರವಧನ ಕೊಡಿ. ಕಲಿಸುವವರು ಅವರೇ ಆದರೆ ನಾಳೆ "ಈ ಹುಡುಗಿ ಚೆನ್ನಾಗಿ ಬರೀತಾಳೆ" ಅಂತ ಮಾಲೀಕರಿಗೆ ಹೇಳುವವರೂ ಅವರೇ.

ಹೀಗೆ ಪಕ್ಕದ ಕಾರ್ಖಾನೆಯನ್ನೇ ನೋಡಿ ಕೆಲಸ ಕಟ್ಟಿದ ಒಂದು ಉದಾಹರಣೆ ನನಗೆ ಬಹಳ ಪ್ರಿಯ. ಮೈರಾಡ ಅಂತ ಬೆಂಗಳೂರಿನ ಸಂಸ್ಥೆ ಇದೆ, 1968ರಿಂದ ಇದೆ. 1990ರ ದಶಕದಲ್ಲಿ ಅವರು ಹೊಸೂರಿನ ಸುತ್ತಲಿನ ಹಳ್ಳಿಗಳಲ್ಲಿ ಸ್ವಸಹಾಯ ಗುಂಪುಗಳ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು ಟೈಟಾನ್ ವಾಚಿನ ಲೋಹದ ಪಟ್ಟಿ ಜೋಡಿಸುವ ಕೆಲಸ ಹಿಡಿದರು. ಆಮೇಲೆ ಆ ಹೆಣ್ಣುಮಕ್ಕಳೇ ಷೇರುದಾರರಾಗಿ ಮೆಡೋ ಅನ್ನುವ ಕಂಪನಿಯಾಯಿತು. ಕಂಪನಿಗೆ ಏನು ಬೇಕು ಅಂತ ಮೊದಲು ತಿಳಿದುಕೊಂಡು ಆಮೇಲೆ ಕಲಿಸಿದರು, ಅದಕ್ಕೇ ನಿಂತಿತು.

ಉಜಿರೆಯ ರುಡ್‌ಸೆಟ್ ಸಂಸ್ಥೆ ನಿಮಗೆ ಗೊತ್ತೇ ಇರುತ್ತದೆ. 1982ರಲ್ಲಿ ಧರ್ಮಸ್ಥಳದ ಮಂಜುನಾಥೇಶ್ವರ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಶುರು ಮಾಡಿದ್ದು. ಊಟ ವಸತಿ ಸಮೇತ ಉಚಿತ ತರಬೇತಿ. ಅದೇ ಮಾದರಿಯಲ್ಲಿ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳು ಆರ್‌ಸೆಟಿ ಕೇಂದ್ರ ನಡೆಸುತ್ತಿವೆ. ಅವರದು ಮುಖ್ಯವಾಗಿ ಸ್ವಂತ ಉದ್ಯೋಗಕ್ಕೆ, ಆದರೆ ಅವರಿಂದ ನೀವು ಕಲಿಯಬೇಕಾದ್ದು ಒಂದಿದೆ: ತರಬೇತಿ ಮುಗಿದ ಮೇಲೂ ಎರಡು ವರ್ಷ ಅಭ್ಯರ್ಥಿಯ ಹಿಂದೆ ಬಿದ್ದು ವಿಚಾರಿಸುತ್ತಾರೆ. ನೀವೂ ಒಂದು ನೋಟ್‌ಬುಕ್ ಇಡಿ. ಯಾವ ಹುಡುಗಿ ಯಾವ ಮಿಲ್‌ನಲ್ಲಿ, ಮೊದಲ ಸಂಬಳ ಯಾವತ್ತು ಬಂತು, ಸಂಜೆ ಎಷ್ಟು ಹೊತ್ತಿಗೆ ಮನೆ ಸೇರುತ್ತಾಳೆ. ಸುಗ್ಗಿಯಲ್ಲಿ ಮಿಲ್‌ಗಳು ರಾತ್ರಿ ಹತ್ತರವರೆಗೂ ನಡೆಯುತ್ತವೆ. ಹೆಣ್ಣುಮಕ್ಕಳು ಬಿಡುವುದು ಅದಕ್ಕೇ, ಲೆಕ್ಕ ಬಾರದೆ ಅಲ್ಲ. ಮನೆಗೆ ಬಿಡುವ ವ್ಯವಸ್ಥೆ ಮಾಡಿದರೆ ಮಾತ್ರ ಸುಗ್ಗಿಯಲ್ಲಿ ತಡವಾಗಿ ಇರುತ್ತಾರೆ ಅಂತ ಸೇರಿಸುವಾಗಲೇ ಮಾತಾಡಿಕೊಳ್ಳಿ.

ಪ್ರಶ್ನೆ: ಎಲೆಕ್ಟ್ರಿಷಿಯನ್ ತರಬೇತಿ ಮುಗಿಸಿ ಸಂಸ್ಥೆಯ ಮೂಲಕವೇ ಒಂದು ಕಂಪನಿ ಸೇರಿದೆ. ಎರಡು ತಿಂಗಳಿಂದ ಬಾಕ್ಸ್ ಹೊರುವುದು, ಗುಡಿಸುವುದು ಬಿಟ್ಟು ಬೇರೆ ಕೆಲಸ ಕೊಟ್ಟಿಲ್ಲ. ಬಿಟ್ಟು ಬಿಡಲಾ ಸರ್? (ಚಳ್ಳಕೆರೆಯ ಯುವಕ, ಈಗ ದಾಬಸ್‌ಪೇಟೆಯಲ್ಲಿ)

ಇವತ್ತೇ ಬಿಡಬೇಡ ತಮ್ಮಾ. ನೇಮಕಾತಿ ಪತ್ರ ತೆಗೆದು ನೋಡು, ಯಾವ ಕೆಲಸ ಅಂತ ಬರೆದಿದೆ? "ಟ್ರೈನಿ ಎಲೆಕ್ಟ್ರಿಷಿಯನ್" ಅಂತ ಇದ್ದರೆ ಅದರ ಫೋಟೋ ತೆಗೆದು ನಿನ್ನ ಸಂಸ್ಥೆಯ ಪ್ಲೇಸ್‌ಮೆಂಟ್ ಮೇಷ್ಟ್ರಿಗೆ ವಾಟ್ಸಾಪ್ ಮಾಡು. ಎರಡು ತಿಂಗಳು ಏನೇನು ಮಾಡಿಸಿದರು ಅಂತ ತಾರೀಖು ಹಾಕಿ ಒಂದು ಹಾಳೆಯಲ್ಲಿ ಬರೆದು ಅದನ್ನೂ ಕಳಿಸು. ಕಂಪನಿಯ ಹತ್ತಿರ ಮಾತಾಡುವುದು ಅವರ ಕೆಲಸ, ನಿನ್ನನ್ನು ಸೇರಿಸಿದವರು ಅವರು. ಅವರು ಮಾತಾಡದಿದ್ದರೆ ಕೇಂದ್ರದ ಮುಖ್ಯಸ್ಥರಿಗೆ ಫೋನ್ ಮಾಡು, ಸಂಕೋಚ ಬೇಡ.

ಈ ನಡುವೆ ಮೇಂಟೆನೆನ್ಸ್ ವಿಭಾಗದ ಹಿರಿಯ ಎಲೆಕ್ಟ್ರಿಷಿಯನ್ ಯಾರು ಅಂತ ನೋಡು. ಊಟದ ಹೊತ್ತಿನಲ್ಲಿ ಹೋಗಿ, "ಅಣ್ಣಾ, ಪ್ಯಾನೆಲ್ ಓಪನ್ ಮಾಡುವಾಗ ನನ್ನನ್ನೂ ಕರೀರಿ, ಟಾರ್ಚ್ ಹಿಡೀತೀನಿ" ಅಂತ ಕೇಳು. ಟಾರ್ಚ್ ಹಿಡಿದೇ ಎಲೆಕ್ಟ್ರಿಷಿಯನ್ ಆದವರನ್ನು ಬೇಕಾದಷ್ಟು ಜನ ನೋಡಿದ್ದೇನೆ. ಆದರೆ ಪ್ಯಾನೆಲ್ ನೀನೊಬ್ಬನೇ ಮುಟ್ಟಬೇಡ, ಪರ್ಮಿಟ್ ಇಲ್ಲದೆ ಯಾರು ಹೇಳಿದರೂ ಮುಟ್ಟಬೇಡ. ಇನ್ನೊಂದು ತಿಂಗಳು ನೋಡು. ಆಗಲೂ ಬಾಕ್ಸೇ ಹೊರಿಸುತ್ತಿದ್ದರೆ ನೋಟಿಸ್ ಕೊಟ್ಟು, ಬಾಕಿ ಸಂಬಳ, ಪಿಎಫ್ ನಂಬರ್, ಅನುಭವ ಪತ್ರ ತೆಗೆದುಕೊಂಡು ಹೊರಗೆ ಬಾ. ಹೇಳದೆ ಕೇಳದೆ ಊರಿಗೆ ಹೋಗಬೇಡ. ಏನಾಯಿತು ಅಂತ ನನಗೂ ಬರೆ.